ಹಲ್ಲಕ್ಕ ಕೊಡದ ಬಾಯಿಗಳು

ಹಲ್ಲಕ್ಕನ ಕೈ ದಾಟಿ ಹೋದ ಹಲ್ಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಚಂದ್ರನ ಸುತ್ತ ಬೇಲಿ ಹಾಕಿ, ಗೇಟಿಗೂ ಒಂದಷ್ಟು ಉಳಿಯುತ್ತಿದ್ದವು. ಊರಿನಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಅವಳು ಮೊದಲು ನೋಡುವುದು ಮುಖವನ್ನಲ್ಲ, ತನ್ನ ಕೆಲಸವನ್ನು. "ಎಡಗಡೆ ಕೋರೆ ಇನ್ನೊಂಚೂರು ಉಜ್ಜಬೇಕಿತ್ತು" ಎಂದು ಗೊಣಗಿ, ಆಮೇಲೆ "ಏನ್ರೀ, ಚೆನ್ನಾಗಿದ್ದೀರಾ?" ಎನ್ನುತ್ತಿದ್ದಳು.

ಕೃತಕ ಹಲ್ಲು ಕಟ್ಟುವ ಆ ಕಾರ್ಯಾಗಾರ ಅವಳ ಅಕ್ಕನ ಗಂಡನದು. ವಯಸ್ಸಿನಲ್ಲಿ ಮದುವೆ ಒಲ್ಲೆನೆಂದು ಮನೆಯಲ್ಲಿ ಜಗಳ ತೆಗೆದು, ಒಂದು ಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದವಳನ್ನು ಭಾವ, "ನಾಲ್ಕು ದಿನ ಪ್ಲಾಸ್ಟರ್ ಕಲಸಿಕೊಂಡಿರಲಿ, ಸಿಟ್ಟು ಇಳಿಯುತ್ತೆ" ಎಂದು ಒಳಗೆ ಕೂರಿಸಿದ್ದರು. ಸಿಟ್ಟು ಇಳಿಯಲೇ ಇಲ್ಲ. ನಾಲ್ಕು ದಿನವೂ ಮುಗಿಯಲಿಲ್ಲ. ತಲೆ ಬೆಳ್ಳಗಾಯಿತು, ಅರ್ಧ ಪ್ಲಾಸ್ಟರಿನಿಂದ, ಅರ್ಧ ವಯಸ್ಸಿನಿಂದ. ಗೋಡೆಯಷ್ಟಗಲದ ಕಪಾಟುಗಳಲ್ಲಿ ಊರಿನ ದವಡೆಗಳ ಅಚ್ಚುಗಳು ಬಾಯಿ ಬಿಟ್ಟುಕೊಂಡು ಕೂತವು. ಹೊಸಬರು ಆ ಕೋಣೆಗೆ ಕಾಲಿಟ್ಟರೆ, ಇಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿ ನಗುತ್ತಿದ್ದಾರೆಂದು ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಬಾಯೊಳಗೆ ಕಡ್ಡಿಯಂಥದ್ದೊಂದನ್ನು ಆಡಿಸಿದರೆ ಸಾಕು, ದವಡೆ ಕಂಪ್ಯೂಟರಿನ ಪರದೆಯ ಮೇಲೆ ಬುಗುರಿಯಂತೆ ತಿರುಗತೊಡಗಿತು. ಹಲ್ಲಕ್ಕ ಕಂಪ್ಯೂಟರನ್ನು ಕೆಡಿಸಿ ಕೆಡಿಸಿಯೇ ಕಲಿತಳು. ಮೇಜಿನ ಕೆಳಗೆ ಕಾಲಿಗೆ ಬಿಸಿಗಾಳಿ ಊದುತ್ತ ಕೂತ ಕಪ್ಪು ಯಂತ್ರವೊಂದೇ ಈಗ ಅಷ್ಟೂ ಕಪಾಟುಗಳ ಕೆಲಸ ಮಾಡುತ್ತಿತ್ತು.

ಆ ಯಂತ್ರದ ಒಳಗಿನ ಸಂಸಾರ ಹೀಗಿತ್ತು. ದವಡೆಯ ಚಿತ್ರ ತಿದ್ದುವುದಕ್ಕೊಂದು ಪ್ರೋಗ್ರಾಂ, ಹಲ್ಲು ಕೂರಿಸುವುದಕ್ಕೊಂದು, ಹಲ್ಲು ಕೊರೆಯುವ ಯಂತ್ರಕ್ಕೆ ಅಪ್ಪಣೆ ಕೊಡುವುದಕ್ಕೊಂದು. ಮೂರನ್ನೂ ಒಂದೇ ಕಡೆ ಬಿಟ್ಟರೆ ವಾರಗಿತ್ತಿಯರ ಹಾಗೆ ಕಿತ್ತಾಡುತ್ತಿದ್ದವು. ಅದಕ್ಕೇ ಅವಳು ಒಂದೊಂದಕ್ಕೂ ಬೇರೆ ಕೋಣೆ, ಬೇರೆ ಒಲೆ, ಬೇರೆ ಪಾತ್ರೆಪಗಡ ಮಾಡಿಕೊಟ್ಟಿದ್ದಳು. ಇಂಥ ಕೋಣೆಗೆ ಕಂಟೇನರ್ ಎಂದು ಹೆಸರು. ಊರಿನ ಬಾಯಿಗಳನ್ನೆಲ್ಲ ಕಾಯುವ ಸರ್ವರ್ ಮಾತ್ರ ಯಾವ ಕೋಣೆಗೂ ಸೇರದೆ, ಮನೆಯ ಹಿರಿಯನಂತೆ ನಡುಮನೆಯಲ್ಲೇ ಕೂತಿತ್ತು. ವಾರಗಿತ್ತಿಯರಿಗೆ ದವಡೆ ಬೇಕಾದಾಗ ಹಿರಿಯನ ಬಳಿ ಬಂದು ಕೇಳಿ ಒಯ್ಯಬೇಕು.

ಇಂಥ ನೆಮ್ಮದಿಯ ಸಂಸಾರಕ್ಕೆ ಸೇಲ್ಸ್‌ಮನ್ ಬಂದ. ದೂರದಲ್ಲೆಲ್ಲೋ ಇರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುವ ಕಂಪನಿಯವನು. ಅವನ ನಗು ಅವನಿಗಿಂತ ಅರ್ಧ ಗಂಟೆ ಮೊದಲೇ ಕಾರ್ಯಾಗಾರ ತಲುಪುತ್ತಿತ್ತು. ಎಲ್ಲ ಬಾಯಿಗಳನ್ನೂ ತಮಗೆ ಒಪ್ಪಿಸಿ, ಈ ಹಳೇ ಯಂತ್ರವನ್ನು ಗುಜರಿಗೆ ಹಾಕಿ ಎಂದು ಅವನ ಸಲಹೆ. ಭಾವ ತಲೆದೂಗಿದರು.

"ಕೊಡಲ್ಲ" ಎಂದಳು ಹಲ್ಲಕ್ಕ.

"ಯಾಕೆ ಕೊಡಲ್ಲ? ಅದೇನು ನಿನ್ನ ತವರಿನ ಆಸ್ತಿನಾ?"

"ಜನ ನಮ್ಮೆದುರು ಬಾಯಿ ತೆರೆದದ್ದು ಭಾವ. ಯಾರೋ ಕಾಣದವರ ಎದುರಲ್ಲ."

ಮಾತಿಗೆ ಮಾತು ಬೆಳೆದು, ಕೊನೆಗೆ ಅಕ್ಕ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಸೋಮವಾರ ಮಧ್ಯಾಹ್ನದ ಊಟದೊಳಗೆ ಸೇಲ್ಸ್‌ಮನ್ನನ ಕಣ್ಣೆದುರೇ ಒಂದು ಹಲ್ಲುಸೆಟ್ಟಿನ ಕೆಲಸ ಸುಸೂತ್ರವಾಗಿ ಮಾಡಿ ತೋರಿಸಬೇಕು. ಆಯಿತೋ, ಯಂತ್ರ ಉಳಿಯಿತು. ಆಗದಿದ್ದರೆ ಬಾಯಿಗಳು ಬಾಡಿಗೆ ಮನೆಗೆ, ಯಂತ್ರ ಗುಜರಿಗೆ.

ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಯಂತ್ರವೂ ಮಲಗಿ ಎದ್ದಿತು. ಎದ್ದ ಮೇಲೆ ಹಲ್ಲು ಕೂರಿಸುವ ಪ್ರೋಗ್ರಾಂ ತೆರೆದರೆ ಪರದೆಯ ಮೇಲೆ ಒಂದೇ ಸಾಲು: ಸಂಪರ್ಕ ನಿರಾಕರಿಸಲಾಗಿದೆ.

ಹೊರಗಿನ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು ಕೂತಿದ್ದರು, ಬೊಚ್ಚುಬಾಯಿ. ಇವತ್ತಿನ ಹಲ್ಲುಸೆಟ್ಟು ಅವರದೇ.

"ಬೇಗ ಮಾಡಮ್ಮಾ. ಸಂಜೆ ಸಭೆಯಲ್ಲಿ ಅಧ್ಯಕ್ಷರನ್ನ ಬೈಯೋದಿದೆ. ಹಲ್ಲಿಲ್ಲದೆ ಬೈದರೆ ಆಶೀರ್ವಾದ ಮಾಡಿದ ಹಾಗಿರುತ್ತೆ."

"ಬೈಗುಳ ನೆನಪು ಮಾಡ್ಕೊಳ್ತಾ ಇರಿ ಮೇಷ್ಟ್ರೇ, ಬಂದೆ" ಎಂದವಳು ಸರ್ವರನ್ನು ನೇರವಾಗಿ ತೆರೆದು ನೋಡಿದಳು. ಹಿರಿಯ ಗಟ್ಟಿಮುಟ್ಟಾಗಿದ್ದ. ಬಾಯಿಗಳೆಲ್ಲ ಇದ್ದಲ್ಲೇ ಇದ್ದವು. ಅಂದರೆ ಜಗಳ ಕೋಣೆ ಮತ್ತು ನಡುಮನೆಯ ಮಧ್ಯೆ. ಕಂಟೇನರಿನ ಒಳಹೊಕ್ಕು ಅಲ್ಲಿಂದಲೇ ಯಂತ್ರವನ್ನು ಕೂಗಿ ನೋಡಿದಳು. ಯಂತ್ರ ಓಗೊಟ್ಟಿತು. ಸರ್ವರಿನ ಬಾಗಿಲು ತಟ್ಟಿದಳು. ತಟ್ಟಿದ ಕೈ ಹಿಂದಕ್ಕೆ ಬರುವ ಮೊದಲೇ ಪಟಾರನೆ ಮುಖಕ್ಕೆ ಬಡಿದಂತೆ, ನಿರಾಕರಿಸಲಾಗಿದೆ.

ಸೇಲ್ಸ್‌ಮನ್ನನ ನಗು ಒಳಗೆ ಬಂತು. ಹಿಂದೆಯೇ ಅವನೂ, ಭಾವನೂ ಬಂದರು.

"ಏನಕ್ಕಾ, ಹಲ್ಲು ಹಿಡ್ಕೊಂಡಿದೆಯಾ?" ಎಂದ ಅವನು.

"ಹಿಡ್ಕೊಂಡಿಲ್ಲ. ಯಾರನ್ನ ಕಚ್ಚೋದು ಅಂತ ನೋಡ್ತಿದೆ."

ಸರ್ವರ್ ಯಾವ ಯಾವ ಬಾಗಿಲಲ್ಲಿ ಕಿವಿಗೊಟ್ಟು ಕೂತಿದೆ ಎಂದು ಪರದೆಯ ಮೇಲೆ ಕೇಳಿದಳು. ಉತ್ತರ ನೋಡಿ ಅವಳ ಕಿವಿ ಬಿಸಿಯಾದವು. ಹಿರಿಯ ನಡುಮನೆಯೊಳಗಿನ ದನಿಗೆ ಮಾತ್ರ ಕಿವಿಗೊಡುತ್ತಿದ್ದ. ಕೋಣೆಗಳಿಂದ ಬಂದ ಕೂಗೆಲ್ಲ ಅವನ ಪಾಲಿಗೆ ಬೀದಿಯ ಕೂಗು. ಹಾಗೆ ಮಾಡೆಂದು ಅವನಿಗೆ ಹೇಳಿದ್ದು ಬೇರಾರೂ ಅಲ್ಲ, ಅವಳೇ! ಹೋದ ವಾರ ಸೇಲ್ಸ್‌ಮನ್ ಕಾರ್ಯಾಗಾರದ ವೈಫೈಗೆ ತನ್ನ ಲ್ಯಾಪ್‌ಟಾಪ್ ಸೇರಿಸಿಕೊಂಡು ಸರ್ವರಿನ ಬಾಗಿಲು ತಟ್ಟಿದ್ದು ಕಂಡು ಅವಳಿಗೆ ಉರಿದುಹೋಗಿತ್ತು. ಅದೇ ಉರಿಯಲ್ಲಿ, ಹೊರಗಿನ ಯಾರಿಗೂ ಕಿವಿಗೊಡಬೇಡ ಎಂದು ಸರ್ವರಿನ ಕಡತದಲ್ಲಿ ಒಂದು ಸಾಲು ತಿದ್ದಿ, ಆಮೇಲೆ ಅದನ್ನು ಮರೆತೇಬಿಟ್ಟಿದ್ದಳು. ಸರ್ವರ್ ಆ ಕಡತ ಓದುವುದು ಎಚ್ಚರಾದಾಗ ಮಾತ್ರ. ಎಚ್ಚರಾದದ್ದು ಇವತ್ತು.

"ಯಾರು ಹಾಳು ಮಾಡಿದ್ದು?" ಎಂದರು ಭಾವ.

"ನಾನೇ" ಎಂದಳು, ಬಹುಮಾನಕ್ಕೆ ಹೆಸರು ಕೂಗಿದಾಗ ಎದ್ದು ನಿಂತವಳ ಗತ್ತಿನಲ್ಲಿ.

ಸೇಲ್ಸ್‌ಮನ್ ಬಗ್ಗಿ ನೋಡಿದ. ಅವನಿಗೂ ವಿದ್ಯೆ ಇತ್ತು, ಇಲ್ಲವೆನ್ನಲಾಗದು. "ಅಯ್ಯೋ, ಇಷ್ಟೇನಾ? ಎಲ್ಲಾ ಬಾಗಿಲಲ್ಲೂ ಕಿವಿಗೊಡು ಅಂತ ಬರೆದು, ಪಹರೆಯನ್ನೂ ತೆಗೆದುಬಿಡಿ ಅಕ್ಕಾ. ಕ್ಷಣದ ಕೆಲಸ."

"ಬರೆದರೆ ಅದಕ್ಕೆ ಈ ಕಂಟೇನರಿನ ಕೂಗೂ ಕೇಳುತ್ತೆ, ನಿನ್ನ ಲ್ಯಾಪ್‌ಟಾಪಿನ ಕೂಗೂ ಕೇಳುತ್ತೆ. ಅಲ್ವೇನಪ್ಪಾ?"

ಸೇಲ್ಸ್‌ಮನ್ನನ ನಗು ಒಂದು ಹಲ್ಲಿನಷ್ಟು ಕಡಿಮೆಯಾಯಿತು.

"ಏ, ಬರೆದುಬಿಡೇ! ಊಟದ ಹೊತ್ತಾಯ್ತು" ಎಂದರು ಭಾವ.

"ಹೊಟ್ಟೆ ಹಿಡ್ಕೊಂಡು ಕೂತ್ಕೊಳ್ಳಿ ಭಾವ. ನಾನು ಬರೆಯಲ್ಲ."

ಕಂಟೇನರಿನ ಕೋಣೆಗಳನ್ನೂ ನಡುಮನೆಯನ್ನೂ ಸೇರಿಸುವ ಒಂದು ಒಳಓಣಿ ಯಂತ್ರದೊಳಗೇ ಇರುತ್ತದೆ. ಬೀದಿಗೂ ಅದಕ್ಕೂ ಸಂಬಂಧವಿಲ್ಲ. ನಡುಮನೆಯ ಜೊತೆಗೆ ಆ ಓಣಿಯೊಂದಕ್ಕೆ ಕಿವಿಗೊಡು ಎಂದು ಸರ್ವರಿಗೆ ಬರೆದು, ಅದನ್ನು ಮಲಗಿಸಿ ಎಬ್ಬಿಸಿದಳು. ಕಂಟೇನರಿನಿಂದ ಮತ್ತೆ ಬಾಗಿಲು ತಟ್ಟಿದಳು.

ಉತ್ತರವಿಲ್ಲ. ಬೈಗುಳವೂ ಇಲ್ಲ. ಪರದೆಯ ಮೇಲೆ ಗೆರೆಯೊಂದು ಮಿಟುಕಿತು, ಮಿಟುಕಿತು, ಮಿಟುಕುತ್ತಲೇ ಇತ್ತು. ಭಾವನ ಹೊಟ್ಟೆ ಪಕ್ಕದ ಬೀದಿಗೆ ಕೇಳುವ ಹಾಗೆ ಗುಡುಗಿತು.

"ಮೊದಲಿನದೇ ವಾಸಿ ಇತ್ತು, ಇಲ್ಲಾ ಅಂತನಾದ್ರೂ ಹೇಳ್ತಿತ್ತು" ಎಂದರು ಭಾವ.

ಹಲ್ಲಕ್ಕನ ಮುಖ ಮಾತ್ರ ಅರಳಿತು. ಬಾಗಿಲು ಮುಖಕ್ಕೆ ಬಡಿಯುವುದು ಬೇರೆ, ಕೂಗು ಬಾಗಿಲಿಗೆ ತಲುಪದೆ ನಡುವೆಯೇ ಕರಗಿಹೋಗುವುದು ಬೇರೆ. ಓಣಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ. ಯಾರು? ಯಂತ್ರದ ಪಹರೆಯವನು, ಫೈರ್‌ವಾಲ್. ಹೇಳದೆ ಬಂದವರ ಮಾತನ್ನು ಗಾಳಿಗೆ ಬಿಡು ಎಂದು ಅವನಿಗೆ ಕಲಿಸಿದ್ದು ಯಾರು? ಅದೂ ಅವಳೇ, ಅದೇ ಉರಿಯಲ್ಲಿ. ಅವನೂ ಆ ಪಾಠ ಹಿಡಿದದ್ದು ಇವತ್ತು ಎದ್ದ ಮೇಲೆಯೇ, ಅದೂ ತೆರೆದಿರುವ ಬಾಗಿಲಿಗೆ ಮಾತ್ರ; ಓಣಿಯ ಕಡೆ ಬಾಗಿಲು ತೆರೆದದ್ದು ಈಗ. ಒಳಓಣಿಯಿಂದ ಬಂದವರನ್ನು ಈ ಬಾಗಿಲೊಂದಕ್ಕೆ ಬಿಡು ಎಂದು ಬರೆದು ತಟ್ಟಿದಳು.

ಮೇಷ್ಟ್ರ ದವಡೆ ಪರದೆಯ ಮೇಲೆ ಬಂದು, ಜಾತ್ರೆ ನೋಡಲು ಹೊರಟ ಮಗುವಿನ ಹಾಗೆ ಗಿರ್ರನೆ ತಿರುಗಿತು. ಒಂದು ವಾರಗಿತ್ತಿ ತಿದ್ದಿದಳು, ಇನ್ನೊಬ್ಬಳು ಹಲ್ಲು ಕೂರಿಸಿದಳು, ಮೂರನೆಯವಳು ಅಪ್ಪಣೆ ಕೊಟ್ಟಳು. ಪಕ್ಕದ ಕೋಣೆಯಲ್ಲಿ ಕೊರೆಯುವ ಯಂತ್ರ ಕಿರ್ ಎಂದಿತು. ಸೇಲ್ಸ್‌ಮನ್ನನ ಲ್ಯಾಪ್‌ಟಾಪ್ ಮಾತ್ರ, ಒಳಗೆ ಬಿಡುವವರಿಲ್ಲದೆ, ಅವನ ತೊಡೆಯ ಮೇಲೆ ಗೆರೆ ಮಿಟುಕಿಸುತ್ತ ಕೂತಿತ್ತು.

"ಸರಿ, ಯಂತ್ರ ಇರಲಿ" ಎಂದರು ಭಾವ. ಹಲ್ಲಕ್ಕ ಉಸಿರು ಬಿಡುವಷ್ಟರಲ್ಲಿ, "ಆದ್ರೆ ಇವರಿಗೆ ಬಾಯಿಗಳದೊಂದು ಕಾಪಿ ಕೊಡು. ನಾನು ಮಾತು ಕೊಟ್ಟಿದ್ದೀನಿ" ಎಂದು ಸೇರಿಸಿದರು.

"ನಿಮ್ಮ ಮಾತು ನಿಮ್ಮದು, ಕೊಡಿ. ಬಾಯಿ ಅವರವರದು. ನಾನು ಕೊಡಲ್ಲ."

"ನಾಳೆಯಿಂದ ಕೆಲಸಕ್ಕೆ ಬರಬೇಡ ಹಾಗಾದ್ರೆ!"

"ಬರ್ತೀನಿ. ಬಂದೂ ಕೊಡಲ್ಲ. ಅಷ್ಟು ಬೇಕಿದ್ದರೆ ಒಬ್ಬೊಬ್ಬರನ್ನೂ ಕೇಳ್ಕೊಂಡು ಬನ್ನಿ. ಮೇಷ್ಟ್ರೇ, ನಿಮ್ಮ ಬಾಯಿ ಇವನಿಗೆ ಕೊಡಲಾ?"

"ಹಲ್ಲು ಬರಲಿ, ಹೇಳ್ತೀನಿ!" ಎಂದು ಬೆಂಚಿನಿಂದ ಗರ್ಜನೆ ಬಂತು, ಆಶೀರ್ವಾದದಂತೆಯೇ ಕೇಳಿಸಿತು.

"ಅವರದು ಆಯ್ತಲ್ಲ. ಇನ್ನು ನೀವು ನಿಮ್ಮನ್ನೂ ಒಂದ್ಸಲ ಕೇಳ್ಕೊಂಡುಬಿಡಿ ಭಾವ" ಎಂದಳು ಹಲ್ಲಕ್ಕ.

ಭಾವನ ಕೈ ತಾನಾಗಿಯೇ ತುಟಿಗೆ ಹೋಯಿತು. ಎಪ್ಪತ್ತರಲ್ಲೂ ನನ್ನ ಹಲ್ಲೆಲ್ಲ ಹುಟ್ಟಿನವೇ ಎಂದು ಊರಿಡೀ ಮೀಸೆ ತಿರುವುತ್ತ ಬಂದವರು ಅವರು.

"ಸರ್, ನಿಮ್ಮವೂನಾ?" ಎಂದ ಸೇಲ್ಸ್‌ಮನ್, ಪ್ರಾಮಾಣಿಕ ಅಚ್ಚರಿಯಿಂದ. "ಗೊತ್ತೇ ಆಗಲ್ಲ ನೋಡಿ!"

"ಗೊತ್ತಾಗಬಾರದು ಅಂತಾನೇ ಕಟ್ಟಿದ್ದು" ಎಂದಳು ಹಲ್ಲಕ್ಕ.

ಭಾವ ಸೇಲ್ಸ್‌ಮನ್ನನ ಭುಜ ಹಿಡಿದು, ಅವನ ನಗುವನ್ನೂ ಲ್ಯಾಪ್‌ಟಾಪನ್ನೂ ಒಟ್ಟಿಗೇ ಬಾಗಿಲ ತನಕ ಕಳಿಸಿ ಬಂದರು. ವಾಪಸು ಬಂದು ಗೋಡೆಗೆ ಮುಖ ಮಾಡಿ ನಿಂತರು.

"ಯಾರಿಗೂ ಕಾಪಿ ಇಲ್ಲ. ಮುಗೀತು. ಆದ್ರೆ ಇವತ್ತಿನಿಂದ ನೀನು ನನ್ನ ಹತ್ರ ಮಾತಾಡಕೂಡದು."

"ಆಗಲಿ ಭಾವ."

"ಈಗ ಮಾತಾಡಿದ್ಯಲ್ಲೇ!"

"ನೀವು ಕೇಳಿಸ್ಕೊಂಡ್ರಲ್ಲ" ಎಂದ ಹಲ್ಲಕ್ಕ, ಬಿಸಿಯಾಗಿದ್ದ ಹಲ್ಲುಸೆಟ್ಟನ್ನು ಉಜ್ಜಿ ಹೊಳಪು ಮಾಡಲು ಪಕ್ಕದ ಕೋಣೆಗೆ ಹೋದಳು.