ಕನ್ನಡಿಯಲ್ಲಿ ಕಂಡ ನಿದ್ದೆ

ನಮ್ಮ ಯಜಮಾನರು ಕ್ಷೌರಿಕರು. ಕತೆಗಾರರಾಗಬೇಕೆಂಬ ಹುಚ್ಚು ಯಾವ ಗಳಿಗೆಯಲ್ಲಿ ಹಿಡಿಯಿತೋ, ಇಪ್ಪತ್ತೆರಡು ವರ್ಷವಾದರೂ ಬಿಟ್ಟಿಲ್ಲ. ವಾರಪತ್ರಿಕೆಗೆ ಕಳಿಸಿದ ಹತ್ತೊಂಬತ್ತು ಕತೆಗಳೂ ಹೋದ ದಾರಿಯಲ್ಲೇ ಹಿಂದಿರುಗಿವೆ. ಸಂಪಾದಕರದು ಪ್ರತಿ ಸಲವೂ ಅದೇ ರಾಗ: "ಭಾಷೆ ಚೆನ್ನಾಗಿದೆ, ಜೀವ ಇಲ್ಲ." ಜೀವವೇನು ಅಂಗಡಿಯಲ್ಲಿ ಸಿಗುತ್ತದೆಯೇ? ಆ ಮನುಷ್ಯ ಎದುರಿಗೆ ಸಿಕ್ಕರೆ ಕೇಳಬೇಕೆಂದಿದ್ದೆ.

ಪ್ರಯತ್ನದಲ್ಲಿ ಇವರದೇನೂ ಕಮ್ಮಿಯಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಒಂದು ಪುಟ ಬರೆಯಲೇಬೇಕು. ಬರೆದದ್ದನ್ನು ಗಿರಾಕಿಗಳಿಗೆ ಓದಿ ಹೇಳಬೇಕು. ಮುಖಕ್ಕೆ ನೊರೆ ಹಚ್ಚಿ, ಗಡ್ಡ ಮೆತ್ತಗಾಗುವಷ್ಟು ಹೊತ್ತು ಓದುತ್ತಾರೆ. ಪಾಪ, ಗಿರಾಕಿ ಎದ್ದು ಓಡುವಂತೆಯೂ ಇಲ್ಲ. ಓದುತ್ತಲೇ ಕನ್ನಡಿಯಲ್ಲಿ ಅವನ ಮುಖ ನೋಡುತ್ತಾರೆ. ಯಾವ ಸಾಲಿಗೆ ಕಣ್ಣು ಮುಚ್ಚಿದನೋ ಆ ಸಾಲಿಗೆ ನಿದ್ದೆ ಬಂತೆಂದು ಲೆಕ್ಕ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಲ್ಲೇ ಹೊಡೆದುಹಾಕುತ್ತಾರೆ. ಉಳಿದದ್ದನ್ನು ಹೊಸ ಹಾಳೆಗೆ ಇಳಿಸಿ, ಹಳೆಯದನ್ನು ಚೂರು ಮಾಡಿ ಕ್ಷೌರದ ಕತ್ತಿಗೆ ಅಂಟಿದ ನೊರೆ ಒರೆಸಲು ಇಟ್ಟುಕೊಳ್ಳುತ್ತಾರೆ. "ಕೇಳೋರಿಗಿಂತ ದೊಡ್ಡ ಗುರು ಯಾರಿದ್ದಾರೆ ಕಣೇ?" ಎಂದು ಹೆಮ್ಮೆ ಬೇರೆ.

ಇಪ್ಪತ್ತನೆಯದೇ ಕೊನೆಯದು ಎಂದರು ಈ ತಿಂಗಳು. "ಇದೂ ವಾಪಸ್ ಬಂದ್ರೆ ಮತ್ತೆ ಪೆನ್ನು ಮುಟ್ಟಲ್ಲ. ಇದ್ದೂ ಏನು ಸುಖ ಅನ್ನಿಸಿಬಿಟ್ಟಿದೆ." ಐವತ್ತಮೂರರ ಗಂಡಸು ಹಾಗೆಂದಾಗ ನನಗೆ ಭಯವಾಯಿತು. ನಾಳೆ ಅಂಚೆಗೆ ಹಾಕಬೇಕು. ಇವತ್ತು ಅಂಗಡಿಗೆ ರಜೆ, ಗಿರಾಕಿಗಳಿಲ್ಲ. "ನೀನೇ ಬಂದು ಕೂತ್ಕೊಳ್ಳೇ" ಎಂದು ಗೋಗರೆದರು. ಇಷ್ಟು ವರ್ಷದಲ್ಲಿ ನನಗೆ ಓದಿ ಹೇಳಲು ಕರೆದದ್ದು ಅದೇ ಮೊದಲು. "ನನ್ನ ಗಡ್ಡಕ್ಕೂ ನೊರೆ ಹಚ್ತೀರೇನು?" ಎಂದು ರೇಗಿಸುತ್ತಾ ಕುರ್ಚಿಯಲ್ಲಿ ಕೂತೆ.

ಕತೆ ನಮ್ಮ ಮಾವನವರದು. ಇದೇ ಕುರ್ಚಿಯ ಹಿಂದೆ ನಲವತ್ತು ವರ್ಷ ನಿಂತವರು. ಆಸ್ಪತ್ರೆಯಲ್ಲಿ, ಕೊನೆಯ ದಿನ, ಮಗನನ್ನು ಹತ್ತಿರ ಕರೆದು, ನಡುಗುವ ಬೆರಳನ್ನೇ ಕತ್ತಿಯಂತೆ ಅವನ ಕೆನ್ನೆಯ ಮೇಲೆ ಎಳೆದು, "ಇಲ್ಲಿ ಸ್ವಲ್ಪ ಉಳಿದಿದೆ ನೋಡೋ" ಎಂದರಂತೆ. ಇದನ್ನು ಇವರು ನನಗೂ ಹೇಳಿರಲಿಲ್ಲ. ತಡೆಯಲಾಗದೆ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟು ನೋಡಿದರೆ, ಕನ್ನಡಿಯಲ್ಲಿ, ಇವರ ಪೆನ್ಸಿಲ್ ಹಾಳೆಯ ಮೇಲೆ ಓಡುತ್ತಿತ್ತು.

"ಅಯ್ಯೋ, ಏನ್ರೀ ಮಾಡ್ತಿದ್ದೀರಿ!"

"ನಿಂಗೂ ನಿದ್ದೆ ಬಂತಲ್ಲ."

"ನಿದ್ದೆಯಂತೆ ನಿದ್ದೆ! ಅಳು ಬಂದುಬಿಡುತ್ತೆ ಅಂತ ಮುಚ್ಕೊಂಡೆ ಕಣ್ರೀ."

ಪೆನ್ಸಿಲ್ ನಿಂತಿತು.

"ಒಂದ್ಸಲ ಪೋಸ್ಟ್‌ಮ್ಯಾನ್ ಕಣ್ಣು ಒರೆಸ್ಕೊಂಡ. ಸೋಪು ಹೋಯ್ತು ಅಂದ," ಎಂದರು. "ಸ್ಕೂಲು ಮೇಷ್ಟ್ರೂ ಹಾಗೇ ಅಂದ್ರು. ಎಷ್ಟೋ ಜನ ಅಂದ್ರು ಕಣೇ. ನಾನು ಎಲ್ಲಾ ಹೊಡೆದುಹಾಕಿದೆ."

"ಆ ಸಾಲುಗಳನ್ನ ನೆನಪು ಮಾಡ್ಕೊಳ್ಳಿ."

ಒಂದೂ ನೆನಪಿಗೆ ಬರಲಿಲ್ಲ. ಕಸದ ಡಬ್ಬಿಯನ್ನು ಬೋರಲು ಹಾಕಿ, ನೆಲದ ಮೇಲೆ ಕೂತು, ನೊರೆ ಒಣಗಿ ಮುದುಡಿದ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಇದ್ದವೆಲ್ಲ ನಿನ್ನೆಯವು. ಇಪ್ಪತ್ತೆರಡು ವರ್ಷದವು ಎಲ್ಲಿ ಸಿಗಬೇಕು? ಮಸಿ ಕಲಸಿಹೋಗಿತ್ತು, ಯಾರದೋ ಕೂದಲು ಅಂಟಿತ್ತು. "ನಿನ್ನ ಕಣ್ಣು ಚೆನ್ನಾಗಿದೆ, ಓದು" ಎಂದು ಒಂದು ಚೂರನ್ನು ನನ್ನ ಕೈಗೆ ಕೊಟ್ಟರು. ಒಂದಕ್ಷರವೂ ಉಳಿದಿರಲಿಲ್ಲ. "ಓದೇ" ಎಂದರು ಮತ್ತೆ.