ಚಾವಡಿಯಲ್ಲಿ ಇಟ್ಟ ಚಾಕು

ತಳವಾರಜ್ಜನ ಬಲಗೈ ಹೆಬ್ಬೆರಳಿನ ತುಂಬ ಕೂದಲೆಳೆಯಂಥ ಗೀರುಗಳಿದ್ದವು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಕೊಡಲಿಯಾಗಲಿ ಕುಡುಗೋಲಾಗಲಿ ಕೈಗೆ ಬಂದರೆ ಆ ಹೆಬ್ಬೆರಳಿನಿಂದ ಅದರ ಬಾಯಿ ಸವರಿ ನೋಡದೆ ಅವನು ಕೆಳಗಿಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದು ಇಂಥವನದು ಎಂದು ಹೇಳಿಬಿಡುತ್ತಿದ್ದ.

ಐವತ್ತರ ದಶಕದ ಕೊನೆಯ ವರ್ಷಗಳವು. ಶಿಕಾರಿಪುರದವನಾದ ನಾನು ಆನವಟ್ಟಿಯಿಂದ ಎರಡು ಹರದಾರಿ ಒಳಗಿನ ಹಳ್ಳಿಯೊಂದಕ್ಕೆ ಮೇಷ್ಟ್ರಾಗಿ ಹೋದೆ. ಶಾಲೆಗೆ ಕಟ್ಟಡವಿರಲಿಲ್ಲ. ಊರ ಚಾವಡಿಯ ಅರ್ಧ ಜಗಲಿಯೇ ಶಾಲೆ, ಉಳಿದರ್ಧ ತಳವಾರಜ್ಜನದು. ಊರು ಕಾಯುವುದು ಅವನ ಮನೆತನದ ಕೆಲಸ. ನಾನು ಟ್ರಂಕು ಇಳಿಸುವುದೇ ತಡ, ಎದುರು ಬಂದು ಕೈಚಾಚಿದ.

"ಮೊನೆ ಇರಾದು ಏನಾರ ಐತೇನ್ರಿ ಮೇಷ್ಟ್ರೇ? ಕೊಡ್ರಿ ಇಲ್ಲಿ. ಊರು ಬಿಡಾವಾಗ ಕೊಡ್ತೀನಿ."

ನನ್ನ ಬಳಿ ಇದ್ದದ್ದು ಪೆನ್ಸಿಲ್ ಹೆರೆಯುವ ಚಾಕು ಒಂದೇ. ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಆಮೇಲೆ ತಿಳಿಯಿತು, ಅದು ಆ ಊರಿನ ಕಟ್ಟಳೆ. ಕೊಯ್ಲಿಗೆ ಬಂದ ಬಯಲುಸೀಮೆಯ ಕೂಲಿಯವರಿರಲಿ, ಕುರಿ ಹೊಡೆದುಕೊಂಡು ಬಂದವರಿರಲಿ, ಹೊರಗಿನವರು ತಮ್ಮ ಹತ್ಯಾರುಗಳನ್ನು ಚಾವಡಿಯ ಮೂಲೆಯಲ್ಲಿ ಅಜ್ಜನ ವಶಕ್ಕೆ ಕೊಡಬೇಕು. ಬೆಳಿಗ್ಗೆ ಕೆಲಸಕ್ಕೆ ಒಯ್ಯಬಹುದು, ಸಂಜೆ ತಂದಿಡಬೇಕು. ಅಷ್ಟು ಮಾಡಿದವನನ್ನು ನೀನ್ಯಾರು, ಎಲ್ಲಿಯವನು ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಊರಿನಲ್ಲಿ ಎಲ್ಲಿ ಬೇಕಾದರೂ ತಿರುಗಬಹುದಿತ್ತು. ಹಗಲು ಹೊತ್ತು ಒಂದು ಮನೆಗೂ ಅಗುಳಿ ಬೀಳುತ್ತಿರಲಿಲ್ಲ.

"ಕೊಟ್ಟಾತ ನಂಬಿ ಕೊಡ್ತಾನೆ, ಇಸ್ಕಂಡಾತ ನಂಬಿ ಇಸ್ಕಂತಾನೆ. ಊರಿಗೆ ಇನ್ನೇನು ಬೇಕ್ರಿ?" ಎನ್ನುತ್ತಿದ್ದ ಅಜ್ಜ.

ಆ ಚಾಕುವನ್ನು ನಾನು ವಾಪಸು ಕೇಳಲೇ ಇಲ್ಲ. ದಿನಕ್ಕೆ ನಾಲ್ಕು ಸಲ ಪೆನ್ಸಿಲ್ ಹೆರೆಯುವ ನೆವದಲ್ಲಿ ಅವನ ಪಕ್ಕ ಹೋಗಿ ಕೂರುವುದು ನನಗೆ ಚಟವಾಗಿತ್ತು. "ಹುಡುಗ್ರು ಏನಾರ ಕಲ್ತಾವೋ, ಬರೇ ಪೆನ್ಸಿಲ್ ಸವಿಸ್ತಾವೋ?" ಎಂದು ಛೇಡಿಸುತ್ತ ಎಲೆಅಡಿಕೆಯ ತಟ್ಟೆ ನನ್ನ ಕಡೆ ದೂಡುತ್ತಿದ್ದ. ಮನೆಯವರಿಂದ ದೂರವಿದ್ದ ನನಗೆ ಆ ಊರಿನಲ್ಲಿ ನನ್ನವನೆಂದು ಇದ್ದವನು ಅವನೊಬ್ಬನೇ.

ಮೂರನೆಯ ವರ್ಷ, ಉಳವಿಯ ಕಡೆಯ ಕಾಡುದಾರಿಯಲ್ಲಿ ದರೋಡೆಯ ಗುಂಪೊಂದು ಗಾಡಿಗಳನ್ನು ತಡೆಯತೊಡಗಿತು. ಗಾಡಿಯವನೊಬ್ಬನನ್ನು ಕೊಡಲಿಯಿಂದ ಕಡಿದರೆಂಬ ಸುದ್ದಿ ಬಂದ ಮೇಲೆ ಸುತ್ತಿನ ಹಳ್ಳಿಗಳ ಜನ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುವಂತಾಯಿತು. ಹೊರಗಿನವರು ಕಂಡರೆ ಹಿಡಿದು ಕೊಡಿ ಎಂದು ಮೇಲಿನಿಂದ ಹುಕುಂ ಬಂತು. ಪಕ್ಕದೂರಿನಲ್ಲಿ ಕೊಯ್ಲಿಗೆ ಬಂದಿದ್ದ ಇಬ್ಬರನ್ನು ಅದೊಂದೇ ಕಾರಣಕ್ಕೆ ಎಳೆದೊಯ್ದರು.

ನಮ್ಮಲ್ಲಿಗೆ ಪೊಲೀಸ್ ಇನ್ಸ್‌ಪೆಕ್ಟರು ಬಂದದ್ದು ಒಂದು ಅಮಾವಾಸ್ಯೆಯ ದಿನ. ಆವತ್ತು ಗದ್ದೆಯ ಕೆಲಸವಿಲ್ಲ. ಕೂಲಿಯವರೆಲ್ಲ ಆನವಟ್ಟಿಗೆ ಹೋಗಿದ್ದರು. ಹತ್ತು ಹನ್ನೆರಡು ಕೊಡಲಿ, ಕುಡುಗೋಲು, ಅವುಗಳ ನಡುವೆ ನನ್ನ ಚಾಕು, ಎಲ್ಲ ಮೂಲೆಯಲ್ಲಿ ಸಾಲಾಗಿದ್ದವು.

"ಏನಯ್ಯಾ ಇದು? ಇಷ್ಟೊಂದು ಆಯುಧ ಯಾರದು?"

"ಊರಿಗೆ ಬಂದೋರದು ಸ್ವಾಮಿ. ನಾನು ಇಟ್ಕಂಡೀನಿ."

"ಯಾರ್ಯಾರದು? ಹೆಸರು ಹೇಳು."

ಅಜ್ಜ ಸಾಲಿನ ಮೇಲೆ ಒಮ್ಮೆ ಹೆಬ್ಬೆರಳಾಡಿಸಿದ. "ಹೇಳಂಗಿಲ್ರಿ. ಹೇಳಿದ್ರೆ ಅವರನ್ನ ಒಯ್ತೀರಿ. ನನ್ನ ನಂಬಿ ಕೊಟ್ಟಾರ."

ಇನ್ಸ್‌ಪೆಕ್ಟರು ದುಷ್ಟರೇನಲ್ಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. "ಹತ್ತು ಜನ ಒಳಗಿದ್ದರೆ ಸಾವಿರ ಜನ ನೆಮ್ಮದಿಯಾಗಿ ಮಲಗ್ತಾರೆ" ಎಂದರು. ನಿಂತಿದ್ದ ಜನವೂ ತಲೆಯಾಡಿಸಿತು. ಊರನ್ನು ಕಾದದ್ದೇ ಆ ಮೂಲೆ, ಇನ್ಸ್‌ಪೆಕ್ಟರ ಕಣ್ಣಿಗೆ ಅದು ಕೊಲೆಗಡುಕರ ಉಗ್ರಾಣ. ಹೊರಗಿನವನನ್ನು ನಂಬಿಕೆಯಿಂದಲೂ ಕಟ್ಟಿಹಾಕಬಹುದೆಂಬುದು ಅವರು ಕಲಿತ ಪಾಠದಲ್ಲಿ ಇರಲಿಲ್ಲ.

ಪಟೇಲರನ್ನು ಕೇಳಿದರು. ಪಟೇಲರು ತಮ್ಮ ಚಪ್ಪಲಿ ನೋಡುತ್ತ ನಿಂತರು. ಆಮೇಲೆ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, "ನೀವು ಸರ್ಕಾರಿ ನೌಕರರು. ನಿಮಗೇನಾದರೂ ಗೊತ್ತೇನ್ರಿ?" ಎಂದರು.

ಆ ಚಾಕು ನನ್ನದು, ಇದು ಈ ಊರಿನ ಕಟ್ಟಳೆ. ಅಷ್ಟು ಹೇಳಿದ್ದರೆ ಸಾಕಿತ್ತು. ಪ್ರತಿ ಆಗಸ್ಟಿನಲ್ಲಿ ಅದೇ ಜಗಲಿಯ ಮೇಲೆ ನಿಂತು ಸ್ವಾತಂತ್ರ್ಯದ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ ನನಗೆ ಆ ಎರಡು ಮಾತು ಹೊರಡಲಿಲ್ಲ. ಕೆಲಸ ಹೋದೀತು, ನನ್ನನ್ನೂ ಒಯ್ದಾರು ಎಂದು ಹೆದರಿದೆ.

"ಗೊತ್ತಿಲ್ಲ ಸಾರ್" ಎಂದೆ.

ಪಂಚನಾಮೆಗೆ ಸಾಕ್ಷಿಯಾಗಿ ರುಜುವನ್ನೂ ಹಾಕಿದೆ. 'ಸಣ್ಣ ಚಾಕು ಒಂದು, ವಾರಸುದಾರರಿಲ್ಲ' ಎಂದು ಅದರಲ್ಲಿ ಬರೆದಿತ್ತು. ಅಜ್ಜನ ಹೆಬ್ಬೆಟ್ಟು ಒತ್ತಿಸಿದಾಗ ಅದರ ಗೀರುಗಳೆಲ್ಲ ಶಾಯಿಯಲ್ಲಿ ಮೂಡಿದವು. ಹತ್ಯಾರುಗಳ ಜೊತೆ ಅವನನ್ನೂ ಒಯ್ದರು. ಹೋಗುವಾಗ ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಸುದ್ದಿ ಕೇಳಿದ ಕೂಲಿಯವರು ಆನವಟ್ಟಿಯಿಂದಲೇ ಹೊರಟುಹೋದರು. ಭತ್ತ ಗದ್ದೆಯಲ್ಲೇ ಉದುರಿತು. ಹಾಡುಹಗಲೇ ಮನೆಗಳಿಗೆ ಅಗುಳಿ ಬಿತ್ತು. ನಾಲ್ಕು ತಿಂಗಳ ಮೇಲೆ ನಿಜವಾದ ಗುಂಪು ಬೇರೆಲ್ಲೋ ಸಿಕ್ಕಿತು, ಅಜ್ಜನನ್ನು ಬಿಟ್ಟರು. ಅವನ ಬಲಗೈ ಹೆಬ್ಬೆರಳು ಮುರಿದು ಸೆಟೆದುಕೊಂಡಿತ್ತು. ಹೇಗಾಯಿತೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಅವನು ಚಾವಡಿಗೆ ಬರುವುದನ್ನು ಬಿಟ್ಟ, ನಾನು ಅವನ ಬೀದಿಗೆ ಹೋಗುವುದನ್ನು ಬಿಟ್ಟೆ.

ಆ ಬೇಸಿಗೆಯಲ್ಲಿ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಆನವಟ್ಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಜ್ಜ ಎರಡು ಹರದಾರಿ ನಡೆದುಕೊಂಡು ಬಂದ. ಬಟ್ಟೆಯ ಗಂಟು ಬಿಚ್ಚಿ ಹೊಸ ಚಾಕುವೊಂದನ್ನು ತೆಗೆದ.

"ನಿಮ್ಮದನ್ನ ಅವರು ಒಯ್ದ್ರು. ಇದು ಸಂತ್ಯಾಗ ತಂದೀನಿ. ಊರು ಬಿಡಾವಾಗ ಕೊಡ್ತೀನಿ ಅಂದಿದ್ನಲ್ರಿ. ಬಾಯಿ ಹೆಂಗೈತೋ, ಈ ಬೆರಳಿಗೆ ಈಗ ಗೊತ್ತಾಗಂಗಿಲ್ಲ. ನೀವೇ ನೋಡ್ಕಳ್ರಿ."

"ಅಜ್ಜಾ, ಆವತ್ತು ನಾನು..." ಎಂದೆ.

ಅವನು ನನ್ನ ಕಣ್ಣೀರನ್ನು ಹೆದರಿಕೆ ಎಂದುಕೊಂಡ. ಹತ್ತಿರ ಸರಿದು, ಮಗುವಿಗೆ ಸಮಾಧಾನ ಹೇಳುವಂತೆ ಮೆಲ್ಲಗೆ ಹೇಳಿದ: "ಹೆದರಬ್ಯಾಡ್ರಿ ಮೇಷ್ಟ್ರೇ. ಭಾಳ ಕೇಳಿದ್ರು. ನಿಮ್ಮ ಹೆಸ್ರೂ ನಾನು ಹೇಳಿಲ್ಲ."

ಮಾರನೆಯ ವರ್ಷ ಅಜ್ಜ ತೀರಿಕೊಂಡನೆಂದು ಯಾರೋ ಹೇಳಿದರು. ಆ ಚಾಕುವಿನಿಂದ ನಾನು ಇಂದಿಗೂ ಒಂದು ಪೆನ್ಸಿಲನ್ನೂ ಹೆರೆದಿಲ್ಲ. ಮೇಜಿನ ಖಾನೆಯಲ್ಲಿ ಕಂಡು ಮೊಮ್ಮಕ್ಕಳು ಯಾರದಿದು ಎಂದು ಕೇಳಿದರೆ, ತಳವಾರಜ್ಜನದು ಎನ್ನುತ್ತೇನೆ. ನನ್ನದು ಎನ್ನಲು ಈಗಲೂ ಬಾಯಿ ಬರುವುದಿಲ್ಲ.