ಭಟ್ಟಿ ಮಾವನ ಕೈಸನ್ನಿ

ನಮ್ಮ ಸೋದರಮಾವಗ ಹುಬ್ಬು ಇದ್ದಿದ್ದು ನಾ ನೋಡೇ ಇಲ್ಲ. ಕೊಟ್ಟೂರಾಗ ಮಂಡಕ್ಕಿ ಭಟ್ಟಿ ಇಟ್ಟಿದ್ದ. ಮೂವತ್ತು ವರ್ಷ ಬೆಂಕಿ ಮುಂದ ಬಗ್ಗಿ ಬಗ್ಗಿ ಹುಬ್ಬು, ಮುಂಗೈ ಕೂದಲು ಎಲ್ಲಾ ಸುಟ್ಟು, ಮುಖ ಸುಲಿದ ಆಲೂಗಡ್ಡಿ ಹಂಗ ಕಾಣ್ತಿತ್ತು. ಸಿಟ್ಟು ಬಂದ್ರೂ ಗಂಟಿಕ್ಕಾಕ ಹುಬ್ಬಿಲ್ಲ. ಹಂಗಾಗಿ ಬೈಗುಳ ಬರೋದು ನನಗ ಮೊದಲೇ ಗೊತ್ತಾಗ್ತಿರಲಿಲ್ಲ.

ಬಿ.ಕಾಂ. ಎರಡು ಸಲ ಫೇಲಾದ ಮ್ಯಾಲೆ ಅವ್ವ ನನ್ನ ಅಲ್ಲಿಗೆ ಅಟ್ಟಿದ್ಲು. ಮೊದಲ ವಾರ ಮರಳು ಕಾಯೋಕ ಮುಂಚೇನೇ ಅಕ್ಕಿ ಸುರಿದೆ. ಎರಡನೇ ವಾರ ಸುರಿದು ನಿದ್ದಿ ಹೊಡೆದೆ.

"ಲೇ ಅಳಿಯಾ, ಕರಿ ಮಂಡಕ್ಕಿ ಕಂಡುಹಿಡಿದವ ಈ ಸೀಮ್ಯಾಗ ನೀನೊಬ್ಬನೇ ನೋಡು," ಅಂದ.

ಭಟ್ಟಿ ಸದ್ದಿನಾಗ ಮಾತು ಕೇಳಲ್ಲ, ಎಲ್ಲಾ ಕೈಸನ್ನಿ. ಮುಷ್ಟಿ ಹಿಡಿದ್ರ ನಿಲ್ಸು, ಗದ್ದ ಎತ್ತಿದ್ರ ಸುರಿ. ಒಬ್ಬ ತೋರ್ಸಿದ್ದನ್ನ ಇನ್ನೊಬ್ಬ ಹಂಗೇ ತಿರುಗಿ ತೋರಿಸ್ಬೇಕು, ಆಗಲೇ ತಿಳೀತು ಅಂತ ಅರ್ಥ. ಆರು ವರ್ಷ ನಾವಿಬ್ರೂ ಹಿಂಗ ಮಾತಾಡಿದ್ವಿ. ಬಾಯಿಲೆ ಮಾತಾಡಿದ್ದು ಬರೀ ಬೈಯಾಕ.

ಒಂದಿನ ಮುಂಜಾನೆ ಭಟ್ಟಿ ಮುಂದನೇ ಕುಸಿದ. ಲಕ್ವಾ ಹೊಡೆದು ಮೆದುಳಿಗೆ ಪೆಟ್ಟಾಗೈತಿ ಅಂದ್ರು. ದಾವಣಗೆರಿ ಆಸ್ಪತ್ರ್ಯಾಗ ಬಾಯಿಗೆ ಪೈಪು, ಉಸಿರಾಡ್ಸಾಕ ಮಶೀನು.

ಒಂಬತ್ತನೇ ದಿನ ಡಾಕ್ಟರ್ ಹೇಳಿದ್ರು: "ಪೈಪು ಬೇಗ ತೆಗೆದ್ರೆ ಉಸಿರು ಕಟ್ಟುತ್ತೆ, ತಡ ಮಾಡಿದ್ರೆ ಎದೆಗೆ ಸೋಂಕು. ಹೇಳಿದ್ದು ಕೇಳಿ ಮಾಡ್ತಾರಾ, ಕಫ ಕೆಮ್ಮೋಕೆ ಬಲ ಐತಾ, ನಾಳೆ ನೋಡ್ತೀನಿ."

ಮರುದಿನ ಮಶೀನ್ ಜೋರು ಕಮ್ಮಿ ಮಾಡಿದ್ರು. ಮಾವ ತಾನೇ ಒಂದು ತಾಸು ಉಸಿರಾಡಿದ.

"ಯಜಮಾನ್ರೇ, ನನ್ನ ಕೈ ಒತ್ರಿ," ಅಂದ್ರು ಡಾಕ್ಟರ್.

ಮಾವ ಸುಮ್ನೆ ನೋಡ್ದ. ನನಗ ತಡೀಲಿಲ್ಲ. ಡಾಕ್ಟರ್ ಬೆನ್ನ ಹಿಂದ ನಿಂತು ಮುಷ್ಟಿ ಹಿಡಿದೆ. ಮಾವನ ಬೆರಳು ಮಡಚಿದ್ವು. "ತಲೆ ಎತ್ರಿ," ಅಂದ್ರು. ಗದ್ದ ಎತ್ತಿ ತೋರ್ಸಿದೆ. ತಲಿದಿಂಬಿನಿಂದ ಎರಡು ಬೆರಳು ಎತ್ತರಕ್ಕ ಮಾವನ ತಲಿ ಎದ್ದಿತು. ನಾ ಪಾಸ್ ಮಾಡಿಸಿದ ಒಂದೇ ಪರೀಕ್ಷಿ ಅದು.

ಪೈಪು ತೆಗೆದ್ರು. ಮಾವ ನನ್ನ ನೋಡಿ, ಗೊಗ್ಗರು ದನ್ಯಾಗ "ಲೇ" ಅಂದ. ಅಷ್ಟೇ.

ಮಧ್ಯಾಹ್ನಕ್ಕ ಗಂಟಲಾಗ ಕಫ ಗೊರಗೊರ ಅನ್ನಾಕತ್ತಿತು. ಕೆಮ್ಮಾಕ ಬಲ ಇಲ್ಲ. ತುಟಿ ನೀಲಿ ಆದ್ವು. ಓಡಿ ಬಂದು ಮತ್ತ ಪೈಪು ಹಾಕಿದ್ರು.

ಡಾಕ್ಟರ್ ಕಡೆ ಹೋಗಿ ನಾ ಮಾಡಿದ್ದೆಲ್ಲಾ ಒಪ್ಪಿಕೊಂಡೆ. ಅವ್ರು ಹೇಳಿದ್ರು:

"ಕೆಮ್ಮು ಪರವಾಗಿಲ್ಲ ಅಂತ ನನಗೂ ಅನ್ಸಿತ್ತು. ನೀವು ಇಲ್ದಿದ್ರೂ ತೆಗೀತಿದ್ನೇನೋ. ಮೆದುಳಿಗೆ ಏಟಾದವ್ರಲ್ಲಿ ಪೈಪು ತೆಗೆಯೋಕೆ ಇವತ್ತೇ ಸರಿ ಅಂತ ಹೇಳೋಕೆ ನಮ್ಮತ್ರನೂ ಪಕ್ಕಾ ಅಳತೆ ಇಲ್ಲ. ಇನ್ಮೇಲೆ ನಾ ನೋಡುವಾಗ ನೀವು ಹೊರಗಿರ್ರಿ."

ಬೈದಿದ್ರ ಎಷ್ಟೋ ಹಗುರಾಗ್ತಿತ್ತು.

ಮೂರು ದಿನ ಬಿಟ್ಟು ಮತ್ತ ಪರೀಕ್ಷಿ ಮಾಡಿದ್ರು. ನಾ ವರಾಂಡದಾಗ ಎರಡೂ ಕೈ ಕಂಕುಳಾಗ ಸಿಗಿಸಿಕೊಂಡು ನಿಂತೆ. ಡಾಕ್ಟರ್ ತಲಿ ಅಲ್ಲಾಡಿಸ್ತಾ ಹೊರಗ ಬಂದ್ರು. ಹಿಂದ ಸಿಸ್ಟರ್ ಬಂದು ಮೆಲ್ಲಕ ಅಂದ್ಲು: "ಯಜಮಾನ್ರು ಡಾಕ್ಟರ್ ಕಡೆ ನೋಡ್ಲೇ ಇಲ್ಲರಿ. ಅವರ ಹೆಗಲ ಹಿಂದೆ ಯಾರನ್ನೋ ಹುಡುಕ್ತಿದ್ರು."

ಆ ವಾರ ಮಾವ ತೀರಿಕೊಂಡ. ನಾ ಅವತ್ತು ಒಳಗ ಹೋಗಬೇಕಿತ್ತೋ, ಹೊರಗ ನಿಂತಿದ್ದೇ ಸರಿಯೋ, ಇವತ್ತಿಗೂ ತಿಳೀವಲ್ಲದು. ಹೇಳಬೇಕಾದವ ಅವನೊಬ್ಬನೇ ಇದ್ದ.